ಚಟ್ನಿ ಮಿಕ್ಸಿಯಲ್ಲಿ ಫ್ರೆಂಚ್ ಬ್ರೆಡ್ಡಿನ ಹಿಟ್ಟು!

ಮೈದಾ, ನೀರು, ಉಪ್ಪು, ಯೀಸ್ಟ್. ಫ್ರೆಂಚ್ ಬ್ರೆಡ್ಡಿಗೆ ಬೇಕಾಗಿರುವುದು ಈ ನಾಲ್ಕೇ. ಹಾಲಿಲ್ಲ, ಬೆಣ್ಣೆ ಇಲ್ಲ, ಸಕ್ಕರೆ ಇಲ್ಲ, ಮೊಟ್ಟೆಯೂ ಇಲ್ಲ. ಫ್ರಾನ್ಸ್ ಸರ್ಕಾರ 1993ರಲ್ಲಿ ಇದಕ್ಕೊಂದು ಆದೇಶವನ್ನೇ ಹೊರಡಿಸಿದೆ. ‘ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್’ ಎಂದು ಹೆಸರು ಹಾಕಿ ಮಾರಬೇಕಾದರೆ ಹಿಟ್ಟನ್ನು ಫ್ರೀಜ್ ಮಾಡಿರಬಾರದು, ಕೆಡದಂತೆ ಇಡುವ ರಾಸಾಯನಿಕ ಸೇರಿಸಿರಬಾರದು. 2022ರಲ್ಲಿ ಯುನೆಸ್ಕೊ, ಬಗೆಟ್ ಎಂಬ ಉದ್ದನೆಯ ಬ್ರೆಡ್ ತಯಾರಿಸುವ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಇಷ್ಟು ಸರಳವಾದ ಬ್ರೆಡ್ಡಿಗೆ ಒಂದು ತೊಂದರೆ ಇದೆ. ಎಣ್ಣೆ, ಸಕ್ಕರೆ, ಸಂರಕ್ಷಕ ಯಾವುದೂ ಇಲ್ಲದ ಕಾರಣ ಅದರ ಆಯಸ್ಸು ಒಂದೇ ದಿನ. ಬೆಳಿಗ್ಗೆ ಗರಿಗರಿಯಾಗಿದ್ದದ್ದು ಮರುದಿನ ಕಟ್ಟಿಗೆ. ಹಾಗಾಗಿ ಅದು ದೂರ ಪ್ರಯಾಣ ಮಾಡುವ ತಿಂಡಿಯಲ್ಲ. ರಾಯಚೂರು–ಗುಂತಕಲ್ ರೈಲು ಮಾರ್ಗದ ಸಣ್ಣ ನಿಲ್ದಾಣ ನಮ್ಮ ಮಟಮಾರಿ. ಇಂಥ ಊರಿಗೆ ಪೇಟೆಯಿಂದ ಬರುವುದು ಪ್ಲಾಸ್ಟಿಕ್ ಹೊದ್ದ ಮೆತ್ತನೆಯ ಸ್ಲೈಸ್ ಬ್ರೆಡ್, ಬನ್, ಟೋಸ್ಟ್. ಗರಿ ಸಿಪ್ಪೆಯ ಬ್ರೆಡ್ ತಿನ್ನಬೇಕೆಂದರೆ ಎರಡೇ ದಾರಿ: ಮಹಾನಗರಕ್ಕೆ ಹೋಗಬೇಕು, ಇಲ್ಲವೇ ಮನೆಯಲ್ಲೇ ಮಾಡಿಕೊಳ್ಳಬೇಕು.

ಮನೆಯಲ್ಲಿ ಮಾಡುವ ಮಾತು ಬಂದಾಗ ಯೂಟ್ಯೂಬಿನವರು ‘ಸ್ಟ್ಯಾಂಡ್ ಮಿಕ್ಸರ್’ ತೋರಿಸುತ್ತಾರೆ. ಅದರ ಬೆಲೆ ನೋಡಿದರೆ ಒಂದು ಸೆಮಿಸ್ಟರಿನ ಹಾಸ್ಟೆಲ್ ಖರ್ಚು ನೆನಪಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಇರುವುದು ಮಿಕ್ಸಿ. ಅದರಲ್ಲಿ ಬ್ರೆಡ್ಡಿನ ಹಿಟ್ಟು ಆಗುತ್ತದೆಯೇ? ಆಗುತ್ತದೆ. ಆದರೆ ಮಿಕ್ಸಿಗೆ ಏನು ಮಾಡಲು ಬರುತ್ತದೆ, ಏನು ಬರುವುದಿಲ್ಲ ಎಂಬುದು ಮೊದಲು ಗೊತ್ತಿರಬೇಕು. ಇಲ್ಲದಿದ್ದರೆ ಬ್ರೆಡ್ಡಿನ ಆಸೆಯ ಜೊತೆಗೆ ನಾಳೆಯ ಶೇಂಗಾ ಹಿಂಡಿಯೂ ಹೋಗುತ್ತದೆ. ಮಿಕ್ಸಿಯ ಮೋಟಾರ್ ಸುಟ್ಟರೆ ಮನೆಯಲ್ಲಿ ಆಗುವ ಗದ್ದಲವನ್ನು ನಾನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಇಬ್ಬರು ಎಂಜಿನಿಯರ್‌ಗಳು, ಎರಡು ಯಂತ್ರಗಳು

ನಮ್ಮ ಮಿಕ್ಸಿಯ ಹಿಂದೆ ಒಬ್ಬ ಎಂಜಿನಿಯರ್‌ನ ಕಥೆ ಇದೆ. 1960ರ ದಶಕದಲ್ಲಿ ಭಾರತದ ಕೆಲವು ಮನೆಗಳಲ್ಲಿ ವಿದೇಶಿ ಬ್ಲೆಂಡರ್‌ಗಳಿದ್ದವು. ಅವು ಹಣ್ಣಿನ ರಸ, ಮಿಲ್ಕ್‌ಶೇಕ್‌ಗೆ ಎಂದು ತಯಾರಾದವು. ನೆನೆಸಿದ ಉದ್ದು, ಒಣ ಕೊಬ್ಬರಿ, ಅರಿಶಿನದ ಕೊಂಬು ಹಾಕಿದರೆ ಮೋಟಾರ್ ತಾಳುತ್ತಿರಲಿಲ್ಲ. ಸೀಮೆನ್ಸ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯ ವಿದೇಶಿ ಬ್ಲೆಂಡರ್ ಕೂಡ ಹೀಗೇ ಕೈಕೊಟ್ಟಿತು. ನಮ್ಮ ಮಸಾಲೆಗೆ ತಕ್ಕ ಬಲವಾದ ಮೋಟಾರಿನ ಯಂತ್ರ ಬೇಕೆಂದು ಅವರು ಹುಟ್ಟುಹಾಕಿದ್ದೇ ‘ಸುಮೀತ್’ ಮಿಕ್ಸಿ. ಮುಂದೆ ಎಷ್ಟೋ ಮನೆಗಳಲ್ಲಿ ಮಿಕ್ಸಿ ಎಂದರೆ ಸುಮೀತ್ ಎನ್ನುವಂತಾಯಿತು.

ಇನ್ನೊಂದು ಕಥೆ ಫ್ರಾನ್ಸಿನದು. ಅಲ್ಲಿನ ಹೋಟೆಲ್ ಅಡುಗೆಮನೆಗಳಿಗೆಂದು ‘ರೋಬೋ ಕೂಪ್’ ಎಂಬ ಯಂತ್ರ ಬಂದಿತ್ತು. 1970ರ ದಶಕದ ಆರಂಭದಲ್ಲಿ ಅದನ್ನು ಪ್ಯಾರಿಸ್‌ನ ಪ್ರದರ್ಶನವೊಂದರಲ್ಲಿ ಕಂಡ ಅಮೆರಿಕದ ಎಂಜಿನಿಯರ್ ಕಾರ್ಲ್ ಸಾಂಥೈಮರ್ ಮನೆಬಳಕೆಗೆ ಒಗ್ಗಿಸಿ, 1973ರಲ್ಲಿ ‘ಕ್ವಿಜಿನಾರ್ಟ್’ ಎಂಬ ಫುಡ್ ಪ್ರೊಸೆಸರ್ ತಂದರು. ಅಗಲವಾದ ಪಾತ್ರೆ, ತಳದಲ್ಲಿ ತಿರುಗುವ ಬ್ಲೇಡು. ಇದರಲ್ಲಿ ಒಂದು ನಿಮಿಷದೊಳಗೆ ಬ್ರೆಡ್ಡಿನ ಹಿಟ್ಟು ಸಿದ್ಧವಾಗುವುದನ್ನು ಕಂಡು ಅಲ್ಲಿನವರು ಬೆರಗಾದರು.

ನಮ್ಮ ಮಿಕ್ಸಿ ಈ ಎರಡರ ನಡುವಿನ ಕೂಸು. ಬಲ ಇದೆ, ಆದರೆ ಪಾತ್ರೆ ಕಿರಿದು, ವೇಗ ವಿಪರೀತ. ಬೇಕರಿಯಲ್ಲಿ ಹಿಟ್ಟು ನಾದುವ ಸ್ಪೈರಲ್ ಮಿಕ್ಸರ್ ನಿಮಿಷಕ್ಕೆ ನೂರಿನ್ನೂರು ಸುತ್ತು ತಿರುಗುತ್ತದೆ. ಫುಡ್ ಪ್ರೊಸೆಸರ್ ಸುಮಾರು 1,700 ಸುತ್ತು. ಮಿಕ್ಸಿ ಖಾಲಿ ಇದ್ದಾಗ 18,000ದಿಂದ 20,000 ಸುತ್ತು! ಎತ್ತಿನ ಗಾಡಿಯ ಕೆಲಸಕ್ಕೆ ರೇಸ್ ಬೈಕು ಕಟ್ಟಿದ ಹಾಗೆ.

ಮಿಕ್ಸಿ ಏಕೆ ಬಿಸಿಯಾಗುತ್ತದೆ?

ಎಲೆಕ್ಟ್ರಿಕಲ್ ಪರೀಕ್ಷೆಯಲ್ಲಿ ‘ಯೂನಿವರ್ಸಲ್ ಮೋಟಾರಿನ ಉಪಯೋಗಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಬರುತ್ತದೆ. ನಾವೆಲ್ಲ ‘ಮಿಕ್ಸಿ, ಡ್ರಿಲ್, ಹೊಲಿಗೆ ಯಂತ್ರ’ ಎಂದು ಬರೆದು ಮಾರ್ಕ್ಸ್ ತೆಗೆದುಕೊಳ್ಳುತ್ತೇವೆ. ಆ ಉತ್ತರದ ಅರ್ಥ ತಿಳಿಯುವುದು ಜಾರಿನಲ್ಲಿ ಹಿಟ್ಟು ಹಾಕಿದಾಗ.

ಈ ಮೋಟಾರ್ ತಿರುಗುತ್ತಿರುವಾಗ ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿಕೊಳ್ಳುತ್ತದೆ. ಅದನ್ನೇ ಬ್ಯಾಕ್ ಇಎಂಎಫ್ ಎನ್ನುತ್ತೇವೆ. ವೇಗ ಹೆಚ್ಚಿದಷ್ಟು ಅದು ಹೆಚ್ಚು, ಒಳಬರುವ ಕರೆಂಟು ಕಡಿಮೆ. ಗಟ್ಟಿ ಹಿಟ್ಟು ಬ್ಲೇಡನ್ನು ಹಿಡಿದುಕೊಂಡಾಗ ವೇಗ ಇಳಿಯುತ್ತದೆ, ಎದುರು ವೋಲ್ಟೇಜೂ ಇಳಿಯುತ್ತದೆ, ಕರೆಂಟು ಏರುತ್ತದೆ. ಸುರುಳಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಇದು ಸಾಲದೆಂಬಂತೆ, ಮೋಟಾರನ್ನು ತಣಿಸುವ ಫ್ಯಾನು ಕೂಡ ಅದೇ ಶಾಫ್ಟಿನ ಮೇಲೆ ಕುಳಿತಿದೆ. ವೇಗ ಇಳಿದರೆ ಗಾಳಿಯೂ ಕಡಿಮೆ. ಶಾಖ ಹೆಚ್ಚು, ತಂಪು ಕಡಿಮೆ. ಸುಟ್ಟ ವಾಸನೆ ಬರುವುದು ಈ ಹಂತದಲ್ಲಿ.

ಮಿಕ್ಸಿಯ ತಳದಲ್ಲಿ ಕೆಂಪು ಗುಂಡಿ ಕಂಡಿರಬಹುದು. ಅದು ಓವರ್‌ಲೋಡ್ ಸ್ವಿಚ್. ಕರೆಂಟು ಮಿತಿ ಮೀರಿದರೆ ಅದು ಪಟ್ಟೆಂದು ಹೊರಬಂದು ಮೋಟಾರನ್ನು ಉಳಿಸುತ್ತದೆ. ಅದನ್ನು ಮತ್ತೆ ಮತ್ತೆ ಒತ್ತಿ ಓಡಿಸುವುದು, ಜ್ವರ ಬಂದವನನ್ನು ಎಬ್ಬಿಸಿ ಎಬ್ಬಿಸಿ ಹೊಲಕ್ಕೆ ಕಳಿಸಿದಂತೆ. ಗೃಹಬಳಕೆಯ ಮಿಕ್ಸಿಗಳಿಗೆ ಐಎಸ್ 4250 ಎಂಬ ಭಾರತೀಯ ಮಾನಕವಿದೆ. ಎಷ್ಟು ವಾಟ್, ಎಷ್ಟು ಹೊತ್ತು ಓಡಿಸಬಹುದು ಎಂಬುದನ್ನು ಯಂತ್ರದ ಪಟ್ಟಿಯ ಮೇಲೆ ಅಥವಾ ಜೊತೆಗೆ ಬರುವ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಹಿಟ್ಟಿಗೆ ಕೈ ಹಾಕುವ ಮೊದಲು ಅದನ್ನೊಮ್ಮೆ ಓದಿ.

ಹಿಟ್ಟಿನದೂ ಒಂದು ಚಾಳಿ ಇದೆ. ನೀರು ತಿರುಗಿಸಿದರೆ ನಡುವೆ ಗುಳಿ ಬೀಳುತ್ತದೆ. ಬ್ರೆಡ್ಡಿನ ಹಿಟ್ಟು ಹಾಗಲ್ಲ, ತಿರುಗುವ ಕಂಬಿಯನ್ನೇ ಅಪ್ಪಿಕೊಂಡು ಮೇಲಕ್ಕೆ ಹತ್ತುತ್ತದೆ. ದ್ರವದ ಗುಣವೂ ರಬ್ಬರಿನ ಗುಣವೂ ಎರಡೂ ಇರುವ ಪದಾರ್ಥಗಳ ಲಕ್ಷಣ ಇದು. ವೈಸನ್‌ಬರ್ಗ್ ಪರಿಣಾಮ ಎಂದು ಇದರ ಹೆಸರು. ಕಿರಿದಾದ ಜಾರಿನಲ್ಲಿ ಬ್ಲೇಡಿನ ಸುತ್ತ ಇರುವ ಹಿಟ್ಟು ಬ್ಲೇಡಿನ ಜೊತೆಗೇ ಸುತ್ತುತ್ತಾ ಬೇಯಲು ಶುರುವಾಗುತ್ತದೆ, ಮೇಲಿನ ಹಿಟ್ಟು ಅಲುಗುವುದೇ ಇಲ್ಲ. ಆದ್ದರಿಂದ ಗಟ್ಟಿ ಹಿಟ್ಟನ್ನು ಚಟ್ನಿ ಜಾರಿಗೆ ಹಾಕಿ ನಾದಿಸುವುದು ಎರಡು ಕಡೆಯಿಂದಲೂ ತಪ್ಪು ಲೆಕ್ಕ.

ಹಾಗಾದರೆ ದಾರಿ ಏನು?

ದಾರಿ ಸುಲಭ. ಮಿಕ್ಸಿಗೆ ಇಷ್ಟವಾದ ಹದದಲ್ಲಿ ಕೊಡಬೇಕು. ದೋಸೆ ಹಿಟ್ಟಿನ ಹದ ಅದಕ್ಕೆ ಪ್ರೀತಿ. ಹಾಗಾಗಿ ಅರ್ಧ ಮೈದಾ ಮತ್ತು ಪೂರ್ತಿ ನೀರನ್ನು ಮಾತ್ರ ಮಿಕ್ಸಿಗೆ ಹಾಕುವುದು, ಉಳಿದ ಅರ್ಧ ಮೈದಾವನ್ನು ಪಾತ್ರೆಯಲ್ಲಿ ಕೈಯಿಂದ ಸೇರಿಸುವುದು.

ಅಳತೆ ಹೀಗಿದೆ: ಮೈದಾ 200 ಗ್ರಾಂ, ನೀರು 130 ಗ್ರಾಂ, ಉಪ್ಪು 4 ಗ್ರಾಂ, ಒಣ ಇನ್‌ಸ್ಟಂಟ್ ಯೀಸ್ಟ್ ಒಂದೂವರೆ ಗ್ರಾಂ ಅಂದರೆ ಸುಮಾರು ಅರ್ಧ ಟೀ ಚಮಚ. ಬೇಕರಿಯವರು ಲೆಕ್ಕವನ್ನು ಯಾವಾಗಲೂ ಹಿಟ್ಟಿನ ತೂಕಕ್ಕೆ ಹೋಲಿಸಿ ಶೇಕಡಾವಾರು ಹೇಳುತ್ತಾರೆ. ಹಿಟ್ಟು 100 ಆದರೆ ನೀರು 65, ಉಪ್ಪು 2. ಈ ಅನುಪಾತ ನೆನಪಿದ್ದರೆ ಒಂದು ಬ್ರೆಡ್ಡಾದರೂ ಸರಿ, ನೂರಾದರೂ ಸರಿ.

ಮೊದಲು 130 ಗ್ರಾಂ ತಣ್ಣೀರು ಮತ್ತು 100 ಗ್ರಾಂ ಮೈದಾವನ್ನು ದೊಡ್ಡ ಜಾರಿಗೆ ಹಾಕಿ. ಒಂದನೇ ವೇಗದಲ್ಲಿ 10 ಸೆಕೆಂಡ್ ಓಡಿಸಿ, ಅಷ್ಟೇ ಹೊತ್ತು ನಿಲ್ಲಿಸಿ. ಹೀಗೆ ಮೂರು ಸಲ. ಒಟ್ಟು ಓಟ 30 ಸೆಕೆಂಡ್. ಹಿಟ್ಟು ನುಣುಪಾಗಿ, ಚಮಚ ಎತ್ತಿದರೆ ನೂಲಿನಂತೆ ಎಳೆ ಬರುತ್ತದೆ. ಅದನ್ನು ಅಗಲ ಪಾತ್ರೆಗೆ ಸುರಿಯಿರಿ. ಬ್ಲೇಡಿಗೆ ಅಂಟಿದ್ದನ್ನು ತೆಗೆಯುವಾಗ ಜಾರು ಮಿಕ್ಸಿಯ ಮೇಲೆ ಇರಬಾರದು, ಪ್ಲಗ್ ಕಿತ್ತಿರಬೇಕು. ಉಳಿದ 100 ಗ್ರಾಂ ಮೈದಾಕ್ಕೆ ಯೀಸ್ಟ್ ಬೆರೆಸಿ ಇದಕ್ಕೆ ಸೇರಿಸಿ, ಒಣ ಹಿಟ್ಟು ಕಾಣದಂತೆ ಚಮಚದಲ್ಲಿ ಕಲಸಿ. ನಾದಬೇಡಿ. ಮುಚ್ಚಿ 20 ನಿಮಿಷ ಬಿಡಿ. ಆಮೇಲೆ ಉಪ್ಪು ಉದುರಿಸಿ, ಒದ್ದೆ ಕೈಯಿಂದ ಒತ್ತಿ ಸೇರಿಸಿ.

ಖಾಲಿ ಜಾರಿಗೆ ತಕ್ಷಣ ಒಂದು ಲೋಟ ನೀರು ಹಾಕಿ ತಿರುಗಿಸಿ ತೊಳೆದುಬಿಡಿ. ಒಣಗಿದ ಮೈದಾ ಬ್ಲೇಡಿನ ಬುಡದಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಅಮ್ಮನ ಕೈಗೆ ಅದು ಸಿಗದಿದ್ದರೆ ಎಲ್ಲರಿಗೂ ಕ್ಷೇಮ.

ನಿಮ್ಮ ಮಿಕ್ಸಿಯ ಜೊತೆ ಹಿಟ್ಟು ಕಲಸುವ ಅಗಲ ಪಾತ್ರೆ ಬಂದಿದ್ದರೆ ಪೂರ್ತಿ ಹಿಟ್ಟನ್ನು ಅದರಲ್ಲೇ ಮಾಡಬಹುದು. ಅದರೊಳಗಿನ ಗೇರು ವೇಗ ತಗ್ಗಿಸಿ ಬಲ ಹೆಚ್ಚಿಸುತ್ತದೆ, ಮೋಟಾರ್ ತನ್ನ ವೇಗದಲ್ಲೇ ತಿರುಗುತ್ತಿರುತ್ತದೆ, ಫ್ಯಾನಿನ ಗಾಳಿಯೂ ಸಿಗುತ್ತದೆ.

ಕೆಲಸ ಮಾಡುವುದು ಸುಮ್ಮನಿರುವ ಸಮಯ

ಕಲಸಿ 20 ನಿಮಿಷ ಸುಮ್ಮನೆ ಬಿಡುವುದರಲ್ಲಿ ಏನಿದೆ ಎಂದು ಕೇಳಬಹುದು. ಗೋಧಿಯಲ್ಲಿ ಗ್ಲೂಟೆನಿನ್, ಗ್ಲಯಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ನೀರು ತಾಗಿದ ಕೂಡಲೇ ಅವು ಒಂದಕ್ಕೊಂದು ಕೈ ಹಿಡಿದು ಜಾಲ ಹೆಣೆಯತೊಡಗುತ್ತವೆ. ಅದೇ ಗ್ಲೂಟೆನ್. ಯೀಸ್ಟ್ ಬಿಡುವ ಗಾಳಿಯನ್ನು ಬಲೂನಿನಂತೆ ಹಿಡಿದಿಟ್ಟುಕೊಳ್ಳುವುದು ಈ ಜಾಲ. ನಾದುವುದರಿಂದ ಜಾಲ ಬೇಗ ಕಟ್ಟುತ್ತದೆ ನಿಜ, ಆದರೆ ನೀರು ಮತ್ತು ಸಮಯ ಕೊಟ್ಟರೆ ಬಹುಪಾಲು ಕೆಲಸ ತಾನಾಗಿಯೇ ಆಗುತ್ತದೆ.

ಇದನ್ನು ಜಗತ್ತಿಗೆ ಹೇಳಿಕೊಟ್ಟವರು ಫ್ರೆಂಚ್ ಬೇಕಿಂಗ್ ಪ್ರಾಧ್ಯಾಪಕ ರೇಮಂಡ್ ಕಾಲ್ವೆಲ್. 1974ರಲ್ಲಿ ಅವರು ಈ ವಿಶ್ರಾಂತಿಗೆ ‘ಆಟೊಲಿಸ್’ ಎಂಬ ಹೆಸರಿಟ್ಟರು. ಅವರಿಗೆ ಯಂತ್ರದ ಮೇಲೆ ಒಂದು ತಕರಾರಿತ್ತು. ಎರಡನೇ ಮಹಾಯುದ್ಧದ ನಂತರ ಫ್ರಾನ್ಸಿನ ಬೇಕರಿಗಳು ಹಿಟ್ಟನ್ನು ಅತಿವೇಗದಲ್ಲಿ, ಬಹಳ ಹೊತ್ತು ನಾದತೊಡಗಿದವು. ಬ್ರೆಡ್ ದಪ್ಪವಾಗಿ ಉಬ್ಬಿತು, ಬೆಳ್ಳಗೆ ಹೊಳೆಯಿತು, ಆದರೆ ರುಚಿ ಮಾಯವಾಯಿತು. ಕಾರಣವನ್ನು ಕಾಲ್ವೆಲ್ ಕಂಡುಕೊಂಡರು. ಹಿಟ್ಟಿನೊಳಗೆ ಗಾಳಿ ಅತಿಯಾಗಿ ಸೇರಿದಾಗ ಗೋಧಿಗೆ ಕೆನೆಬಣ್ಣ, ಪರಿಮಳ ಕೊಡುವ ಕ್ಯಾರೊಟಿನಾಯ್ಡ್‌ಗಳು ಆಮ್ಲಜನಕದ ಜೊತೆ ಸೇರಿ ಹಾಳಾಗುತ್ತವೆ. ಹಾಗಾಗಿ ಮಿಕ್ಸಿಯನ್ನು 30 ಸೆಕೆಂಡಿಗೆ ನಿಲ್ಲಿಸುವುದರಿಂದ ಮೋಟಾರೂ ಉಳಿಯುತ್ತದೆ, ರುಚಿಯೂ ಉಳಿಯುತ್ತದೆ.

ಇಂಗ್ಲೆಂಡ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. 1961ರಲ್ಲಿ ಚೋರ್ಲಿವುಡ್ ಎಂಬಲ್ಲಿನ ಸಂಶೋಧಕರು ಹಿಟ್ಟಿಗೆ ಕೆಲವೇ ನಿಮಿಷಗಳಲ್ಲಿ ಪ್ರತಿ ಕಿಲೋಗೆ ಸುಮಾರು 40 ಕಿಲೋಜೌಲ್ ಶಕ್ತಿ ತುಂಬುವ ವಿಧಾನ ಕಂಡುಹಿಡಿದರು. ಗಂಟೆಗಟ್ಟಲೆ ಹುದುಗಿಸುವ ಕೆಲಸ ತಪ್ಪಿತು. ಇಂದು ಹಲವು ದೇಶಗಳ ಕಾರ್ಖಾನೆಗಳಲ್ಲಿ ತಯಾರಾಗುವ ಮೆತ್ತನೆಯ ಸ್ಲೈಸ್ ಬ್ರೆಡ್ಡಿನ ಹಿಂದೆ ಇರುವುದು ಈ ವಿಧಾನ. ಸಮಯದ ಬದಲಿಗೆ ವಿದ್ಯುತ್ ಕೊಟ್ಟರು ಅನ್ನಿ.

ರಾಯಚೂರಿನ ಬಿಸಿಲಿಗೊಂದು ಲೆಕ್ಕ

ಪ್ಯಾರಿಸ್‌ನ ಪಾಕವಿಧಾನವನ್ನು ಹಾಗೇ ನಕಲು ಮಾಡಿದರೆ ನಮ್ಮಲ್ಲಿ ಕೆಲಸ ಕೆಡುವುದು ಇಲ್ಲೇ. ‘ಉಗುರು ಬೆಚ್ಚಗಿನ ನೀರು ಬಳಸಿ’ ಎಂದು ಅದರಲ್ಲಿ ಬರೆದಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಡಬ್ಬಿಯೊಳಗಿನ ಮೈದಾವೇ ಉಗುರು ಬೆಚ್ಚಗಿರುತ್ತದೆ!

ಫ್ರೆಂಚ್ ಬ್ರೆಡ್ಡಿನ ಹಿಟ್ಟು ಕಲಸಿ ಮುಗಿದಾಗ 24–26 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಈಗ ಲೆಕ್ಕ ಹಾಕೋಣ. 500 ವಾಟ್ ಮಿಕ್ಸಿ 30 ಸೆಕೆಂಡ್ ಓಡಿದರೆ 15,000 ಜೌಲ್. ಅದರಲ್ಲಿ ಅರ್ಧ ಮೋಟಾರಿನಲ್ಲೇ ಶಾಖವಾಗಿ ಹೋಯಿತು ಎಂದು ಹಿಡಿದರೂ 7,500 ಜೌಲ್ ಹಿಟ್ಟಿಗೆ ಸೇರುತ್ತದೆ. 200 ಗ್ರಾಂ ಮೈದಾ ಒಂದು ಡಿಗ್ರಿ ಬಿಸಿಯಾಗಲು ಸುಮಾರು 360 ಜೌಲ್ ಬೇಕು, 130 ಗ್ರಾಂ ನೀರಿಗೆ ಸುಮಾರು 543. ಒಟ್ಟು 903. ಅಂದರೆ ಮಿಕ್ಸಿ ಒಂದೇ 8 ಡಿಗ್ರಿಯಷ್ಟು ಬಿಸಿ ಏರಿಸುತ್ತದೆ. ಮೈದಾ 36 ಡಿಗ್ರಿ ಇದೆ, ಕೊನೆಗೆ ಹಿಟ್ಟು 25 ಡಿಗ್ರಿ ಬರಬೇಕು ಎಂದರೆ ನೀರು ಎಷ್ಟು ತಣ್ಣಗಿರಬೇಕು? ಸಮೀಕರಣ ಬಿಡಿಸಿದರೆ ಉತ್ತರ ಸುಮಾರು 4 ಡಿಗ್ರಿ. ಸರಿಯಾಗಿ ಫ್ರಿಜ್ಜಿನೊಳಗಿನ ಬಾಟಲಿ ನೀರು! ಡಿಸೆಂಬರಿನಲ್ಲಿ ಮೈದಾ 24 ಡಿಗ್ರಿ ಇದ್ದರೆ ಅದೇ ಸಮೀಕರಣ 12 ಡಿಗ್ರಿ ಎನ್ನುತ್ತದೆ. ಫ್ರಿಜ್ ನೀರಿಗೆ ಅರ್ಧದಷ್ಟು ಕೊಡದ ನೀರು ಬೆರೆಸಿದರೆ ಸಾಕು.

ಇದು ಅಂದಾಜಿನ ಲೆಕ್ಕ. ಮಿಕ್ಸಿ ತೆಳು ಹಿಟ್ಟಿನಲ್ಲಿ ಪೂರ್ತಿ 500 ವಾಟ್ ಎಳೆಯದಿರಬಹುದು, ಜಾರು ಸ್ವಲ್ಪ ಶಾಖ ಕುಡಿಯಬಹುದು. ಆದರೆ ದಿಕ್ಕು ತಪ್ಪುವುದಿಲ್ಲ. ಇನ್ನೊಂದು ಮಾತು ಗಮನಿಸಿ: 330 ಗ್ರಾಂ ಹಿಟ್ಟಿಗೆ 7,500 ಜೌಲ್ ಎಂದರೆ ಕಿಲೋಗೆ ಸುಮಾರು 23 ಕಿಲೋಜೌಲ್. ಚೋರ್ಲಿವುಡ್ ಕಾರ್ಖಾನೆ ಲೆಕ್ಕದ ಅರ್ಧಕ್ಕಿಂತ ಜಾಸ್ತಿ, ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ!

ಬ್ಲೇಡು ಯೀಸ್ಟನ್ನು ಕತ್ತರಿಸಿ ಕೊಲ್ಲುವುದಿಲ್ಲವೇ ಎಂಬ ಅನುಮಾನ ಬೇಡ. ಯೀಸ್ಟ್ ಕೋಶ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಐದು ಭಾಗದಷ್ಟು ಗಾತ್ರದ್ದು, ಬ್ಲೇಡಿನ ಅಂಚಿಗೆ ಅದು ಧೂಳು. ಅದನ್ನು ಕೊಲ್ಲುವುದು ಶಾಖ. 55–60 ಡಿಗ್ರಿ ದಾಟಿದರೆ ಅದು ಬದುಕುವುದಿಲ್ಲ. ಯೀಸ್ಟನ್ನು ಎರಡನೇ ಹಂತದಲ್ಲಿ ಹಾಕಿ ಎಂದಿದ್ದು ಇದಕ್ಕೇ.

ಹುದುಗುವಾಗಲೂ ನಮ್ಮ ಬಿಸಿಲನ್ನು ಮರೆಯಬಾರದು. ತಣ್ಣನೆಯ ಊರಿನಲ್ಲಿ ಮೂರು ಗಂಟೆ ಹಿಡಿಯುವುದು ಇಲ್ಲಿ ಒಂದೇ ಗಂಟೆಯಲ್ಲಿ ಉಕ್ಕಿಬಿಡುತ್ತದೆ. ಉಕ್ಕುತ್ತದೆ, ಆದರೆ ರುಚಿ ಕೂಡಲು ಸಮಯ ಸಿಗುವುದಿಲ್ಲ. ರಾತ್ರಿ ಕಲಸಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ತೆಗೆಯುವುದು ಒಳ್ಳೆಯ ಉಪಾಯ. ಫ್ರಿಜ್ ಇಲ್ಲವೇ? ಅಗಲ ಬಾಯಿಯ ಮಣ್ಣಿನ ಪಾತ್ರೆಯೊಳಗೆ ಹಿಟ್ಟಿನ ಡಬ್ಬಿಯಿಟ್ಟು, ಪಾತ್ರೆಯ ಸುತ್ತ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಡಿ. ನಮ್ಮ ಬೇಸಿಗೆ ಒಣ ಬೇಸಿಗೆ. ನೀರು ಬೇಗ ಆವಿಯಾಗುತ್ತದೆ, ಆವಿಯಾಗುತ್ತಾ ಶಾಖವನ್ನು ಹೊತ್ತೊಯ್ಯುತ್ತದೆ. ಕರಾವಳಿಯ ಗೆಳೆಯರಿಗೆ ಈ ಸೌಲಭ್ಯ ಇಲ್ಲ!

ಹುದುಗುವ ಸಮಯದಲ್ಲಿ ಪ್ರತಿ 20 ನಿಮಿಷಕ್ಕೊಮ್ಮೆ, ಮೂರು ಸಲ, ಒದ್ದೆ ಕೈಯಿಂದ ಹಿಟ್ಟಿನ ನಾಲ್ಕೂ ಅಂಚುಗಳನ್ನು ಎಳೆದು ನಡುವಿಗೆ ಮಡಚಿ. ಕಾಗದದ ಲಕೋಟೆ ಮಡಚಿದ ಹಾಗೆ. ಕೊನೆಗೆ ಚೂರು ಹಿಟ್ಟನ್ನು ಎರಡೂ ಕೈಯಲ್ಲಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ, ಬೆರಳಿನ ನೆರಳು ಕಾಣುವಷ್ಟು ತೆಳುವಾದರೆ ಜಾಲ ಕಟ್ಟಿದೆ ಎಂದರ್ಥ.

ಜೋಳದ ಹಿಟ್ಟು ಮಿಕ್ಸಿಗೆ ಏಕೆ ಒಲಿಯುವುದಿಲ್ಲ?

ಬ್ರೆಡ್ಡಿನ ಹಿಟ್ಟು ಮಿಕ್ಸಿಯಲ್ಲಿ ಆಗುವುದಾದರೆ ಜೋಳದ ರೊಟ್ಟಿಯ ಹಿಟ್ಟೂ ಆಗಬಾರದೇಕೆ? ಇದು ನಮ್ಮ ಭಾಗದಲ್ಲಿ ಸಹಜವಾಗಿ ಏಳುವ ಪ್ರಶ್ನೆ. ದಿನಾ ಬೆಳಿಗ್ಗೆ ಇಪ್ಪತ್ತು, ಮೂವತ್ತು ರೊಟ್ಟಿಗೆ ಹಿಟ್ಟು ನಾದುವ ತಾಯಂದಿರ ಮಣಿಕಟ್ಟಿನ ನೋವು ಗೊತ್ತಿರುವವರೆಲ್ಲ ಇದನ್ನು ಕೇಳಿಯೇ ಕೇಳುತ್ತಾರೆ.

ಉತ್ತರ ಕಾಳಿನೊಳಗೆ ಇದೆ. ಜೋಳದಲ್ಲಿ ಗ್ಲೂಟೆನ್ ಇಲ್ಲ. ಅದರ ಮುಖ್ಯ ಪ್ರೋಟೀನು ಕಾಫಿರಿನ್ ಸಣ್ಣ ಸಣ್ಣ ಗುಳಿಗೆಗಳಂತೆ ತನ್ನಷ್ಟಕ್ಕೆ ಮುದುಡಿ ಕೂತಿರುತ್ತದೆ, ಕೈ ಹಿಡಿದು ಜಾಲ ಹೆಣೆಯುವುದಿಲ್ಲ. ತಣ್ಣೀರಿನಲ್ಲಿ ಜೋಳದ ಹಿಟ್ಟನ್ನು ಎಷ್ಟು ತಿರುಗಿಸಿದರೂ ಅದು ಒದ್ದೆ ಹಿಟ್ಟೇ. ಹಾಗಾದರೆ ರೊಟ್ಟಿ ಹರಿಯದೆ ನಿಲ್ಲುವುದು ಹೇಗೆ? ಅದಕ್ಕೇ ನಮ್ಮಲ್ಲಿ ಎಸರು ಇಡುವುದು. ಕುದಿಯುವ ನೀರು ಹಿಟ್ಟಿಗೆ ಬಿದ್ದಾಗ ಸುಮಾರು 70 ಡಿಗ್ರಿಯ ಆಸುಪಾಸಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಆ ಅಂಟೇ ರೊಟ್ಟಿಯ ಸಿಮೆಂಟ್. ಮಾಲದಂಡಿ ಜೋಳದ ರೊಟ್ಟಿ ಕಾಗದದಷ್ಟು ತೆಳುವಾಗಿ ಬಡಿದರೂ ಹರಿಯದೆ ತವೆಗೆ ಹೋಗುವುದು ಈ ಅಂಟಿನಿಂದ ಮತ್ತು ಬಡಿಯುವ ಕೈಯ ಲಯದಿಂದ.

ಅಂದರೆ ಪ್ಯಾರಿಸ್‌ನ ಬೇಕರಿಯವನು ಪ್ರೋಟೀನನ್ನು ಪಳಗಿಸಿದ್ದಾನೆ, ನಮ್ಮ ಅಜ್ಜಿಯರು ಪಿಷ್ಟವನ್ನು ಪಳಗಿಸಿದ್ದಾರೆ. ಅವನಿಗೆ ತಣ್ಣೀರು ಬೇಕು, ಇವರಿಗೆ ಕುದಿನೀರು. ಎರಡೂ ಮೆಟೀರಿಯಲ್ ಸೈನ್ಸೇ. ಒಂದಕ್ಕೆ ಯುನೆಸ್ಕೊ ಮಾನ್ಯತೆ ಸಿಕ್ಕಿದೆ, ಇನ್ನೊಂದನ್ನು ನಾವು ‘ರೊಟ್ಟಿ ಬಡಿಯೋ ಕೆಲಸ’ ಎಂದು ಕರೆದು ಮುಂದೆ ಹೋಗುತ್ತೇವೆ. ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಅಲ್ಲಿನ ಮಹಿಳೆಯರ ಸಂಘಗಳು ರೊಟ್ಟಿಯನ್ನು ಬ್ರಾಂಡ್ ಮಾಡಿ ಮಾರುತ್ತಿರುವುದು ಈ ನೋಟವನ್ನು ಬದಲಿಸುವ ಒಳ್ಳೆಯ ಹೆಜ್ಜೆ.

ಎರಡನ್ನೂ ಕೂಡಿಸಬಹುದು. 200 ಗ್ರಾಂ ಮೈದಾದಲ್ಲಿ 30 ಗ್ರಾಂ ತೆಗೆದು ಅಷ್ಟೇ ಜೋಳದ ಹಿಟ್ಟು ಹಾಕಿ. ಅದಕ್ಕೆ ಮೊದಲು ಎಸರಿನ ನೀರಲ್ಲಿ ಸ್ವಲ್ಪ ಭಾಗ ಹಾಕಿ ಕಲಸಿ, ಪೂರ್ತಿ ತಣ್ಣಗಾದ ಮೇಲೆ ಸೇರಿಸಿ. ಆ ನೀರನ್ನು ಒಟ್ಟು ಅಳತೆಯಲ್ಲಿ ಕಳೆಯಬೇಕು. ಜೋಳ ಹೆಚ್ಚಾದಷ್ಟು ಗ್ಲೂಟೆನ್ ಜಾಲದಲ್ಲಿ ತೂತು ಹೆಚ್ಚು, ಬ್ರೆಡ್ ಉಬ್ಬುವುದು ಕಡಿಮೆ. 15–20 ಶೇಕಡಾ ದಾಟದಿದ್ದರೆ ಚೆನ್ನ.

ಸುಡುವುದು ಹೇಗೆ?

ಓಟಿಜಿ ಇದ್ದರೆ 230 ಡಿಗ್ರಿಗೆ ಚೆನ್ನಾಗಿ ಕಾಯಿಸಿ, ಕೆಳಗೊಂದು ಸ್ಟೀಲ್ ಬಟ್ಟಲಲ್ಲಿ ಕುದಿನೀರು ಇಡಿ. ಹಿಟ್ಟನ್ನು ಉದ್ದಕ್ಕೆ ಸುತ್ತಿ, ಅರ್ಧ ಗಂಟೆ ಬಿಟ್ಟು, ಹೊಸ ಬ್ಲೇಡಿನಿಂದ ಮೇಲೆ ಓರೆಯಾಗಿ ಎರಡು ಮೂರು ಗೀರು ಹಾಕಿ ಒಳಗಿಡಿ. 20–25 ನಿಮಿಷ ಸಾಕು. ಆವಿ ಏಕೆ? ಮೊದಲ ಕೆಲವು ನಿಮಿಷ ಮೇಲ್ಮೈ ಒದ್ದೆಯಾಗಿದ್ದರೆ ಸಿಪ್ಪೆ ಬೇಗ ಗಟ್ಟಿಯಾಗದೆ ಒಳಗಿನ ಹಿಟ್ಟು ಪೂರ್ತಿ ಉಬ್ಬಲು ಜಾಗ ಸಿಗುತ್ತದೆ, ಆಮೇಲೆ ಅದೇ ಮೇಲ್ಮೈ ಗರಿಯಾಗುತ್ತದೆ.

ಓಟಿಜಿ ಇಲ್ಲದಿದ್ದರೆ ದಪ್ಪ ತಳದ ಕಬ್ಬಿಣದ ಬಾಣಲೆ, ಅದಕ್ಕೆ ಬಿಗಿಯಾದ ಮುಚ್ಚಳ. ಬಾಣಲೆ ಕಾಯಿಸಿ ಉರಿ ತಗ್ಗಿಸಿ ದುಂಡನೆಯ ಹಿಟ್ಟನ್ನು ಇಟ್ಟು ಮುಚ್ಚಿ. ಹಿಟ್ಟಿನಿಂದ ಬರುವ ಆವಿಯೇ ಒಳಗೆ ಉಳಿಯುತ್ತದೆ. 15 ನಿಮಿಷದ ನಂತರ ತಿರುವಿ ಹಾಕಿ, ಕೊನೆಗೆ ಮುಚ್ಚಳ ತೆಗೆದು ಒಣಗಿಸಿ. ಇದು ಪ್ಯಾರಿಸ್‌ನ ಬಗೆಟ್ ಆಗುವುದಿಲ್ಲ. ಮೇಲೆ ಕೆಳಗೆ ಗರಿ, ಅಂಚು ಮೆತ್ತಗೆ. ಆದರೆ ಬಿಸಿಬಿಸಿ ಮುರಿದು ಎಣ್ಣೆಗಾಯಿ ಜೊತೆ ತಿಂದರೆ ಯಾರೂ ಪ್ಯಾರಿಸ್ ಕೇಳುವುದಿಲ್ಲ.

ಹವ್ಯಾಸ ದುಡಿಮೆಯಾಗಬೇಕೆ?

ಓದು ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯರು ಇಲ್ಲಿ ಒಂದು ಲೆಕ್ಕ ಹಾಕುತ್ತಿರಬಹುದು. ಒಂದು ಬ್ರೆಡ್ಡಿಗೆ ಬೇಕಾದ ಮೈದಾಕ್ಕೆ ಹತ್ತು ರೂಪಾಯಿ ಆಸುಪಾಸು, ಬೇಕರಿಯಲ್ಲಿ ಅದರ ಬೆಲೆ ಎಷ್ಟೋ ಪಟ್ಟು. ಹಾಗೆಂದು ಮಿಕ್ಸಿ ನಂಬಿ ಅಂಗಡಿ ತೆರೆಯಬೇಡಿ. ಒಂದು ಸಲಕ್ಕೆ ಒಂದು ಬ್ರೆಡ್ಡಿನ ಹಿಟ್ಟು, ಆಮೇಲೆ ಮೋಟಾರಿಗೆ ಹತ್ತು ನಿಮಿಷ ವಿರಾಮ ಎಂದರೆ ಗಂಟೆಗೆ ಐದಾರು ಬ್ರೆಡ್ಡು. ರುಚಿ ನೋಡಿಸಲು, ನಾಲ್ಕು ಮನೆಗೆ ಕೊಟ್ಟು ಅಭಿಪ್ರಾಯ ಕೇಳಲು, ಕೈ ಪಳಗಿಸಿಕೊಳ್ಳಲು ಮಿಕ್ಸಿ ಸಾಕು. ಮಾರಾಟಕ್ಕೆ ಇಳಿಯುವುದಾದರೆ ನಿಜವಾದ ನಾದುವ ಯಂತ್ರ, ಓವನ್, ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು.

ಕಲಿಯಲು ಜಾಗಗಳಿವೆ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರ ತಂತ್ರಜ್ಞಾನದ ಕೆಲಸ ಮಾಡುತ್ತಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಬೇಕರಿ ತರಬೇತಿ ನೀಡುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಲ್ಲೇ ಈಗ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಅಲ್ಲಿ ತರಬೇತಿ ಉಚಿತ. ಬೇಕರಿ ತರಬೇತಿ ಯಾವಾಗ ಇದೆ ಎಂದು ವಿಚಾರಿಸಿ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲ ಪಡೆದು ಆರಂಭಿಸುವ ಘಟಕದ ಯೋಜನಾ ವೆಚ್ಚಕ್ಕೆ ಶೇ 35ರಷ್ಟು ಸಹಾಯಧನ ನಿಗದಿಯಾಗಿತ್ತು, ಕರ್ನಾಟಕ ಸರ್ಕಾರ ಅದಕ್ಕೆ ಶೇ 15 ಸೇರಿಸಿತು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ, ನಿಯಮ ಬದಲಾಗಿದೆಯೇ ಎಂಬುದನ್ನು ಕೃಷಿ ಇಲಾಖೆಯ ಕಚೇರಿಯಲ್ಲಿ ಕೇಳಿ ಮುಂದುವರಿಯಿರಿ.

ಅಂಗಡಿ ಬೇಡ, ಸಾಲ ಬೇಡ ಎನ್ನುವವರಿಗೂ ಇದರಲ್ಲಿ ಲಾಭ ಇದೆ. ಸಂದರ್ಶನದಲ್ಲಿ ‘ಯೂನಿವರ್ಸಲ್ ಮೋಟಾರಿಗೆ ಲೋಡ್ ಹೆಚ್ಚಾದರೆ ಏನಾಗುತ್ತದೆ?’ ಎಂದು ಕೇಳಿದರೆ, ಪುಸ್ತಕದ ಗ್ರಾಫ್ ನೆನಪಿಸಿಕೊಳ್ಳುವವರಿಗಿಂತ ಮಿಕ್ಸಿಯ ಸದ್ದು ಇಳಿಯುವುದನ್ನು ಕೇಳಿ ಸ್ವಿಚ್ ಆರಿಸಿದವರು ಚೆನ್ನಾಗಿ ಉತ್ತರಿಸುತ್ತಾರೆ. ಥರ್ಮೋಡೈನಾಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಮೋಟಾರು, ಮೆಟೀರಿಯಲ್ಸ್ ಎಲ್ಲವೂ ಒಂದೇ ಪಾತ್ರೆಯಲ್ಲಿ ಕಲಸಿ ಸಿಗುವ ಪ್ರಯೋಗಾಲಯ ಕಾಲೇಜಿನಲ್ಲಿಲ್ಲ, ಅಡುಗೆಮನೆಯಲ್ಲಿದೆ.

ಈ ಭಾನುವಾರ ಒಂದು ಅಡುಗೆ ಥರ್ಮಾಮೀಟರ್ ಮತ್ತು ಒಂದು ತೂಕದ ಯಂತ್ರ ಹೊಂದಿಸಿಕೊಳ್ಳಿ. ನೀರಿನ, ಮೈದಾದ, ಕಲಸಿದ ಹಿಟ್ಟಿನ ಉಷ್ಣತೆ ಬರೆದಿಡಿ. ನಿಮ್ಮ ಮಿಕ್ಸಿ ಎಷ್ಟು ಡಿಗ್ರಿ ಏರಿಸುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ. ಎರಡನೇ ಬ್ರೆಡ್ಡಿಗೆ ನನ್ನ 8 ಡಿಗ್ರಿ ಬಿಟ್ಟು ನಿಮ್ಮ ಅಂಕಿ ಹಾಕಿ ನೀರಿನ ಲೆಕ್ಕ ಮಾಡಿ. ಮತ್ತೆ, ಮಿಕ್ಸಿ ತೊಳೆದು ಒರೆಸಿ ಇದ್ದ ಜಾಗದಲ್ಲೇ ಇಡುವುದನ್ನು ಮರೆಯಬೇಡಿ. ಸಂಜೆಗೆ ಅದರಲ್ಲಿ ಚಟ್ನಿ ಆಗಬೇಕು.